ಹಂದಿಗಳ ಕಥೆಯಲ್ಲಿ ರಷ್ಯದ ಚರಿತ್ರೆ

ಪಂಚತಂತ್ರದ ಕಥೆಗಳನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಪಿಂಗಳಕನೆಂಬ ಸಿಂಹ, ಸಂಜೀವಕನೆಂಬ ಎತ್ತು, ಅವರಿಬ್ಬರ ಸ್ನೇಹವನ್ನು ಮುರಿಯುವುದಕ್ಕಾಗಿ ಇಬ್ಬರ ಕಿವಿಯನ್ನೂ ಊದುವ ದಮನಕನೆಂಬ ನರಿ: ಇವರ ಕಥೆಯನ್ನು ಅಜ್ಜಿಯ ಬಾಯಿಂದ ಕೇಳುವಾಗ ಅದು ರಾಜನೀತಿಯ ಪಾಠವೆಂದು ನಮಗೆ ತೋರಿದ್ದಿಲ್ಲ. ಆದರೆ ಹನ್ನೊಂದನೆಯ ಶತಮಾನದಲ್ಲಿ ಈ ಕಥೆಗಳನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ಚಾಳುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಯಾರೊಡನೆ ಸಂಧಿ, ಯಾರೊಡನೆ ಯುದ್ಧ ಎಂಬುದನ್ನು ದಿನಬೆಳಗಾದರೆ ನೋಡುತ್ತಿದ್ದ ಮನುಷ್ಯನಿಗೆ ನರಿಯ ಮಾತು ಬರಿಯ ಮಕ್ಕಳ ಮಾತಾಗಿ ಕೇಳಿಸಿರಲಾರದು. ಆದರೂ ಪಂಚತಂತ್ರದ ಸಿಂಹಕ್ಕೆ ಹೆಸರುಂಟೇ ಹೊರತು ವಿಳಾಸವಿಲ್ಲ. ಅದು ಯಾವ ಊರಿನ ಯಾವ ಅರಸನಾದರೂ ಆಗಬಹುದು. ಆದುದರಿಂದಲೇ ಅದು ಎಲ್ಲ ಕಾಲಕ್ಕೂ ಸಲ್ಲುತ್ತದೆ, ಯಾವ ಅರಸನಿಗೂ ನೇರವಾಗಿ ತಾಗುವುದಿಲ್ಲ.

ಇದಕ್ಕಿಂತ ಬೇರೆಯಾದ ಇನ್ನೊಂದು ಬಗೆಯ ಕಥೆಯುಂಟು. ಅದರಲ್ಲಿಯೂ ಪ್ರಾಣಿಗಳು ಮಾತನಾಡುತ್ತವೆ. ಆದರೆ ಒಂದೊಂದು ಪ್ರಾಣಿಯ ಹಿಂದೆಯೂ ಒಬ್ಬ ನಿಜವಾದ ಮನುಷ್ಯ, ಒಂದೊಂದು ಪ್ರಸಂಗದ ಹಿಂದೆಯೂ ಒಂದು ನಿಜವಾದ ತಾರೀಖು ನಿಂತಿರುತ್ತದೆ. ಹೇಳುವುದೊಂದು, ತಿಳಿಯಬೇಕಾದುದು ಇನ್ನೊಂದು. ನಮ್ಮ ಆಲಂಕಾರಿಕರು ಅನ್ಯೋಕ್ತಿ ಎಂದು ಕರೆದ ಮಾತಿನ ರೀತಿಯನ್ನು ಇಡೀ ಪುಸ್ತಕದ ಉದ್ದಕ್ಕೂ ನಡೆಸಿಕೊಂಡು ಹೋದ ಹಾಗೆ. ಇಂಥ ಕಥೆಯನ್ನು ಓದುವಾಗ ಒಂದು ಪ್ರಶ್ನೆ ಏಳದೆ ಇರದು. ಚರಿತ್ರಕಾರನು ತಪ್ಪಿದರೆ ದಾಖಲೆಯನ್ನು ಮುಂದಿಟ್ಟು ತಿದ್ದಬಹುದು. ಕಥೆಗಾರನಾದರೋ, ನಾನು ಬರೆದದ್ದು ಹಂದಿಯ ಕಥೆಯಯ್ಯ ಎಂದು ನುಣುಚಿಕೊಳ್ಳಬಲ್ಲನು. ಹಾಗಾದರೆ ಚರಿತ್ರೆಗೆ ಅವನು ಎಷ್ಟರ ಮಟ್ಟಿಗೆ ಹೊಣೆ?

ಈ ಪ್ರಶ್ನೆಯನ್ನು ಇಟ್ಟುಕೊಂಡು ಜಾರ್ಜ್ ಆರ್ವೆಲ್ ಎಂಬ ಇಂಗ್ಲಿಷ್ ಲೇಖಕನ ‘ಅನಿಮಲ್ ಫಾರ್ಮ್’ ಎಂಬ ಸಣ್ಣ ಪುಸ್ತಕವನ್ನು ನೋಡೋಣ. ಅದು ಲಂಡನ್ನಿನಲ್ಲಿ ಪ್ರಕಟವಾದದ್ದು ೧೯೪೫ರ ಆಗಸ್ಟ್ ೧೭ರಂದು. ಜಪಾನು ಶರಣಾದ ಸುದ್ದಿ ಬಂದು ಎರಡೇ ದಿನವಾಗಿತ್ತು. ಮೊದಲ ಮುದ್ರಣದ ಪ್ರತಿಗಳು ೪,೫೦೦. ನೂರು ಪುಟಕ್ಕೆ ಹೆಚ್ಚು ಮೀರದ ಈ ಕಥೆಯೊಳಗೆ ೧೯೧೭ರಿಂದ ೧೯೪೩ರವರೆಗಿನ ರಷ್ಯದ ಚರಿತ್ರೆ ಅಡಕವಾಗಿದೆ.

ಬಾನುಲಿ ಪತ್ರಿಕೆಯನ್ನು ಓದುವ ನಿಮಗೆ ಆರ್ವೆಲ್ ಪೂರ್ತಿ ಹೊರಗಿನವನಲ್ಲ. ಎರಿಕ್ ಆರ್ಥರ್ ಬ್ಲೇರ್ ಎಂಬುದು ಆತನ ನಿಜವಾದ ಹೆಸರು. ಹುಟ್ಟಿದ್ದು ೧೯೦೩ರಲ್ಲಿ, ನಮ್ಮ ಬಿಹಾರದ ಮೋತಿಹಾರಿಯಲ್ಲಿ. ತಂದೆ ಅಲ್ಲಿ ಸರ್ಕಾರದ ಅಫೀಮು ಇಲಾಖೆಯಲ್ಲಿದ್ದ. ಬೆಳೆದ ಮೇಲೆ ೧೯೨೨ರಿಂದ ಐದು ವರ್ಷ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ಪರರನ್ನು ಆಳುವ ಕೆಲಸದಲ್ಲಿ ಹೇಸಿಕೆ ಹುಟ್ಟಿ ಬಿಟ್ಟುಬಂದ. ಎರಡನೆಯ ಮಹಾಯುದ್ಧದ ಕಾಲಕ್ಕೆ, ೧೯೪೧ರ ಆಗಸ್ಟಿನಿಂದ ೧೯೪೩ರ ನವೆಂಬರಿನವರೆಗೆ, ಲಂಡನ್ನಿನ ಬಿ.ಬಿ.ಸಿ.ಯಲ್ಲಿ ಭಾರತಕ್ಕೆಂದು ಪ್ರಸಾರವಾಗುವ ಭಾಷಣಗಳನ್ನು ಸಿದ್ಧಪಡಿಸುವುದು ಆತನ ಉದ್ಯೋಗವಾಗಿತ್ತು. ಭಾಷಣಕಾರರನ್ನು ಹುಡುಕುವುದು, ಬರೆದು ತಂದದ್ದನ್ನು ಗಡಿಯಾರಕ್ಕೆ ಸರಿಯಾಗಿ ಕತ್ತರಿಸುವುದು, ವಾರವಾರವೂ ಯುದ್ಧವಾರ್ತೆಯ ಸಮೀಕ್ಷೆ ಬರೆಯುವುದು. ಈ ಕೆಲಸದ ಬಿಸಿಯನ್ನು ಬಲ್ಲವರೇ ಬಲ್ಲರು. ೧೯೪೨ರ ಒಂದು ಛಾಯಾಚಿತ್ರದಲ್ಲಿ, ಸಾಹಿತ್ಯ ಕಾರ್ಯಕ್ರಮವೊಂದಕ್ಕಾಗಿ ಧ್ವನಿವರ್ಧಕದ ಸುತ್ತ ಸೇರಿದವರ ಗುಂಪಿನಲ್ಲಿ ಆರ್ವೆಲ್ ನಿಂತಿದ್ದಾನೆ. ಜೊತೆಗೆ ಮುಲ್ಕ್ ರಾಜ್ ಆನಂದರು, ವೇಣು ಚಿತಳೆಯವರು, ಮುಂದೆ ನಮ್ಮ ಆಕಾಶವಾಣಿಯ ಮಹಾನಿರ್ದೇಶಕರಾದ ನಾರಾಯಣ ಮೆನನ್ನರು, ಕವಿ ಟಿ. ಎಸ್. ಎಲಿಯಟ್ ಇದ್ದಾರೆ. ಎಲಿಯಟ್ಟನ ಹೆಸರನ್ನು ನೆನಪಿನಲ್ಲಿಡಿ, ಇನ್ನೊಮ್ಮೆ ಬರುತ್ತದೆ.

ಆ ಕಾಲದಲ್ಲಿ ಅಲ್ಲಿಂದ ಹೊರಡುವ ಪ್ರತಿಯೊಂದು ಬರಹದ ಮೇಲೂ ಎರಡು ಮುದ್ರೆ ಬೀಳಬೇಕಾಗಿತ್ತು: ಸರ್ಕಾರದ ನೀತಿಗೆ ಒಪ್ಪಿಗೆಯಾಗಿದೆ ಎಂದು ಒಂದು, ಶತ್ರುವಿಗೆ ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಇನ್ನೊಂದು. ಎರಡು ವರ್ಷ ಆ ಮುದ್ರೆಗಳ ಕೆಳಗೆ ಬರೆದು ಬರೆದು ಬೇಸತ್ತ ಆರ್ವೆಲ್, ಫಲವಿಲ್ಲದ ಕೆಲಸಕ್ಕೆ ನನ್ನ ಹೊತ್ತನ್ನೂ ಜನರ ಹಣವನ್ನೂ ಹಾಳುಮಾಡುತ್ತಿದ್ದೇನೆ ಎಂಬ ಅರ್ಥದ ಕಾಗದ ಕೊಟ್ಟು ಹೊರಬಂದ. ಹೊರಬಂದ ತಿಂಗಳೇ ಹಂದಿಗಳ ಕಥೆಯನ್ನು ಬರೆಯಲು ಕುಳಿತ. ೧೯೪೪ರ ಫೆಬ್ರವರಿಯ ಹೊತ್ತಿಗೆ ಮುಗಿಸಿದ.

ಕಥೆಯ ಬೀಜ ಮಾತ್ರ ಇನ್ನೂ ಹಿಂದಿನದು. ೧೯೩೬ರ ಕೊನೆಯಲ್ಲಿ ಆರ್ವೆಲ್ ಸ್ಪೇನಿಗೆ ಹೋಗಿ ಫ್ರಾಂಕೋನ ವಿರುದ್ಧ ಗಣರಾಜ್ಯದ ಪಕ್ಷದಲ್ಲಿ ಬಂದೂಕು ಹಿಡಿದ. ಗಂಟಲಿಗೆ ಗುಂಡೂ ತಗುಲಿತು. ಆದರೆ ಆತ ಸ್ಪೇನಿನಿಂದ ತಲೆ ತಪ್ಪಿಸಿಕೊಂಡು ಓಡಬೇಕಾದದ್ದು ಫ್ರಾಂಕೋನ ಭಯದಿಂದಲ್ಲ. ತಾನು ಸೇರಿದ್ದ ಸಣ್ಣ ಪಕ್ಷವನ್ನು ಟ್ರಾಟ್ಸ್ಕಿಯ ಬಣವೆಂದು ಕರೆದು, ಮಾಸ್ಕೋವಿನ ಮಾತಿಗೆ ಕುಣಿಯುವವರು ಅದರ ಜನರನ್ನು ಸೆರೆಗೆ ಎಳೆಯತೊಡಗಿದ್ದರಿಂದ. ಇಂಗ್ಲೆಂಡಿಗೆ ಮರಳಿದರೆ, ತಾನು ಕಣ್ಣಾರೆ ಕಂಡದ್ದನ್ನು ನಂಬುವವರೇ ಇಲ್ಲ. ಸ್ವತಃ ಸಮಾಜವಾದಿಯಾಗಿದ್ದ ಆತನಿಗೆ, ರಷ್ಯದ ರಾಜ್ಯವೇ ಸಮಾಜವಾದವೆಂಬ ಭ್ರಮೆ ತೊಲಗದ ಹೊರತು ಸಮಾಜವಾದಕ್ಕೆ ಉಳಿಗಾಲವಿಲ್ಲವೆಂದು ತೋರಿತು. ಆ ದಿನಗಳಲ್ಲಿ ಒಂದು ದಿನ ಹಳ್ಳಿಯ ಓಣಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಆನೆಯಂಥ ಗಾಡಿಯ ಕುದುರೆಯನ್ನು ಚಾವಟಿಯಿಂದ ಬಾರಿಸುತ್ತ ಅಟ್ಟಿಕೊಂಡು ಹೋಗುವುದನ್ನು ಕಂಡನಂತೆ. ಈ ಕುದುರೆಗೆ ತನ್ನ ಬಲ ತಿಳಿದುಬಿಟ್ಟರೆ ಹುಡುಗನ ಗತಿಯೇನು ಎಂಬ ಯೋಚನೆಯಿಂದ ಕಥೆ ಹುಟ್ಟಿತೆಂದು ಆತನೇ ೧೯೪೭ರಲ್ಲಿ ಬರೆದಿದ್ದಾನೆ.

ಕಥೆ ಗೊತ್ತಿರುವವರು ಒಂದು ನಿಮಿಷ ಕ್ಷಮಿಸಬೇಕು. ಕುಡುಕ ಒಕ್ಕಲಿಗ ಜೋನ್ಸನ ತೋಟದಲ್ಲಿ ಮೇಜರ್ ಎಂಬ ಮುದಿ ಹಂದಿ ಒಂದು ರಾತ್ರಿ ಪ್ರಾಣಿಗಳನ್ನೆಲ್ಲ ಕೂಡಿಸಿ, ಮನುಷ್ಯನ ಯಜಮಾನಿಕೆ ಹೋದ ದಿನ ನಮ್ಮ ಹೊಟ್ಟೆ ತುಂಬುತ್ತದೆಂದು ಬೋಧಿಸಿ ಸಾಯುತ್ತದೆ. ಹಸಿವು ತಾಳದ ಪ್ರಾಣಿಗಳು ಒಂದು ದಿನ ಜೋನ್ಸನನ್ನು ಹೊಡೆದೋಡಿಸುತ್ತವೆ. ಕಟ್ಟಳೆಗಳನ್ನು ಗೋಡೆಯ ಮೇಲೆ ಬರೆಯುತ್ತವೆ. ಬುದ್ಧಿ ಹೆಚ್ಚೆಂಬ ಕಾರಣದಿಂದ ಹಂದಿಗಳು ಮೇಲ್ವಿಚಾರಣೆಗೆ ನಿಲ್ಲುತ್ತವೆ. ಸ್ನೋಬಾಲ್, ನೆಪೋಲಿಯನ್ ಎಂಬ ಎರಡು ಹಂದಿಗಳಿಗೆ ಜಗಳವಾಗಿ, ಗುಟ್ಟಾಗಿ ಸಾಕಿದ ನಾಯಿಗಳಿಂದ ಸ್ನೋಬಾಲನನ್ನು ಅಟ್ಟಿಸಿ ನೆಪೋಲಿಯನ್ ಒಡೆಯನಾಗುತ್ತಾನೆ. ಅಲ್ಲಿಂದ ಮುಂದೆ ಗೋಡೆಯ ಮೇಲಿನ ಕಟ್ಟಳೆಗಳು ಒಂದೊಂದಾಗಿ ರಾತ್ರೋರಾತ್ರಿ ಬದಲಾಗುತ್ತ, ಕೊನೆಗೆ ಹಂದಿ ಯಾವುದು, ಮನುಷ್ಯ ಯಾವನು ಎಂದು ಗುರುತು ಸಿಗದ ಹಾಗಾಗುತ್ತದೆ.

ಮೇಜರ್ ಎಂದರೆ ಮಾರ್ಕ್ಸ್, ಜೋನ್ಸ್ ಎಂದರೆ ಝಾರ್, ಸ್ನೋಬಾಲ್ ಟ್ರಾಟ್ಸ್ಕಿ, ನೆಪೋಲಿಯನ್ ಸ್ಟಾಲಿನ್, ನೆರೆಯ ತೋಟದ ಫ್ರೆಡರಿಕ್ ಹಿಟ್ಲರ್, ಇನ್ನೊಂದು ತೋಟದ ಪಿಲ್ಕಿಂಗ್ಟನ್ ಇಂಗ್ಲೆಂಡು. ಇಷ್ಟು ಪಟ್ಟಿಯನ್ನು ಪರೀಕ್ಷೆಗೆ ಕೂತ ಹುಡುಗರೂ ಬಾಯಿಪಾಠ ಒಪ್ಪಿಸುತ್ತಾರೆ. ಪಟ್ಟಿ ಸರಿಯೇ. ಆದರೆ ಬೀಗದಕೈ ಸಿಕ್ಕಿತೆಂದು ಸಂತೋಷಪಟ್ಟು ಬಾಗಿಲಲ್ಲೇ ನಿಂತರೆ ಮನೆಯೊಳಗೆ ಏನಿದೆಯೆಂದು ತಿಳಿಯುವುದು ಹೇಗೆ? ಆರ್ವೆಲ್ ಚರಿತ್ರೆಯನ್ನು ಎಲ್ಲಿ ಹಿಡಿದ, ಎಲ್ಲಿ ಬಿಟ್ಟ, ಎಲ್ಲಿ ಬಗ್ಗಿಸಿದ ಎಂಬುದನ್ನು ನೋಡಬೇಕು.

ಮೊದಲು ಬಿಟ್ಟದ್ದು. ರಷ್ಯದಲ್ಲಿ ೧೯೧೭ರಲ್ಲಿ ನಡೆದದ್ದು ಒಂದು ಕ್ರಾಂತಿಯಲ್ಲ, ಎರಡು. ಮಾರ್ಚಿನಲ್ಲಿ ಝಾರ್ ಸಿಂಹಾಸನ ಬಿಟ್ಟ. ಕೆರೆನ್‌ಸ್ಕಿ ಮೊದಲಾದವರ ತಾತ್ಕಾಲಿಕ ಸರ್ಕಾರ ಕೆಲವು ತಿಂಗಳು ತಡವರಿಸಿತು. ಬೋಲ್ಷೆವಿಕರು ಅದನ್ನು ಕಿತ್ತು ಅಧಿಕಾರ ಹಿಡಿದದ್ದು ನವೆಂಬರಿನಲ್ಲಿ. ಕಥೆಯಲ್ಲಿ ಇವೆರಡೂ ಒಂದೇ ಸಂಜೆಯ ಗದ್ದಲದಲ್ಲಿ ಮುಗಿದುಹೋಗುತ್ತವೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಲೆನಿನ್. ಆ ಕ್ರಾಂತಿಯನ್ನು ನಡೆಸಿದವನು, ರಹಸ್ಯ ಪೊಲೀಸರನ್ನು ಸ್ಥಾಪಿಸಿದವನು, ಮೊದಲ ಆರು ವರ್ಷ ರಾಜ್ಯವಾಳಿದವನು ಕಥೆಯಲ್ಲಿ ಇಲ್ಲವೇ ಇಲ್ಲ. ಮುದಿ ಮೇಜರನ ತಲೆಬುರುಡೆಯನ್ನು ಅಗೆದು ತೆಗೆದು ಕಂಬದ ಬುಡದಲ್ಲಿಟ್ಟು ಪ್ರಾಣಿಗಳು ಅದರ ಮುಂದೆ ಸಾಲಾಗಿ ನಡೆಯುವ ಚಿತ್ರ ಮಾತ್ರ, ೧೯೨೪ರಿಂದ ಮಾಸ್ಕೋವಿನ ಕೆಂಪು ಚೌಕದಲ್ಲಿಟ್ಟ ಲೆನಿನ್ನನ ದೇಹವನ್ನು ನೆನಪಿಗೆ ತರುತ್ತದೆ. ಬುರುಡೆಯಾಗಿ ಇದ್ದಾನೆ, ಮನುಷ್ಯನಾಗಿ ಇಲ್ಲ. ಲೆನಿನ್ ಇದ್ದಿದ್ದರೆ, ಕೇಡು ಸ್ಟಾಲಿನ್ನನಿಂದಲೇ ಮೊದಲಾಯಿತೋ ಅದಕ್ಕೂ ಹಿಂದಿನದೋ ಎಂಬ ಕಷ್ಟದ ಪ್ರಶ್ನೆಯನ್ನು ಆರ್ವೆಲ್ ನೇರವಾಗಿ ಎದುರಿಸಬೇಕಾಗುತ್ತಿತ್ತು. ಇದನ್ನು ಪುಸ್ತಕದ ದೋಷವೆಂದೇ ನಾನು ಎಣಿಸುತ್ತೇನೆ.

ಆದರೆ ಆ ಪ್ರಶ್ನೆಯಿಂದ ಆತ ಪೂರ್ತಿ ತಪ್ಪಿಸಿಕೊಂಡನೆನ್ನುವಂತಿಲ್ಲ. ಜೋನ್ಸ್ ಓಡಿಹೋದ ಮೊದಲ ದಿನವೇ ಕರೆದಿಟ್ಟ ಹಾಲು ಕಾಣೆಯಾಗುತ್ತದೆ; ಸ್ವಲ್ಪ ದಿನದಲ್ಲೇ, ಗಾಳಿಗೆ ಬಿದ್ದ ಸೇಬುಗಳೂ ಹಂದಿಗಳಿಗೇ ಮೀಸಲು ಎಂದು ಅಪ್ಪಣೆಯಾಗುತ್ತದೆ. ಓದುವಾಗ ಇದು ಹಗುರವಾದ ಹಾಸ್ಯದಂತೆ ಕಾಣುತ್ತದೆ. ಕಥೆಯ ತಿರುವು ಇರುವುದೇ ಇಲ್ಲಿ ಎಂದು ಆರ್ವೆಲ್ ೧೯೪೬ರಲ್ಲಿ ಅಮೆರಿಕದ ಸ್ನೇಹಿತನೊಬ್ಬನಿಗೆ ಬರೆದ. ಕ್ರೋನ್‌ಸ್ಟಾಟ್ ಎಂಬ ಹೆಸರನ್ನು ಅದರ ಪಕ್ಕಕ್ಕೆ ಹಾಕಿದ. ಕ್ರೋನ್‌ಸ್ಟಾಟ್ ನೌಕಾನೆಲೆಯ ನಾವಿಕರು ಕ್ರಾಂತಿಯ ಕೆಚ್ಚಿನ ಮಕ್ಕಳು. ೧೯೨೧ರ ಮಾರ್ಚಿನಲ್ಲಿ ಅವರು, ಸೋವಿಯತ್ತುಗಳಿಗೆ ಗುಟ್ಟಿನ ಮತದಾನದಿಂದ ಹೊಸ ಚುನಾವಣೆ ನಡೆಯಲಿ, ಮಾತಿಗೆ ಸ್ವಾತಂತ್ರ್ಯವಿರಲಿ ಎಂದು ಕೇಳಿದ್ದಕ್ಕೆ, ಹೆಪ್ಪುಗಟ್ಟಿದ ಸಮುದ್ರದ ಮೇಲೆ ಸೈನ್ಯ ನಡೆಸಿ ಅವರನ್ನು ಅಡಗಿಸಲಾಯಿತು. ಆಗ ಆಳುತ್ತಿದ್ದವನು ಲೆನಿನ್; ಯುದ್ಧಖಾತೆಯ ಮುಖ್ಯಸ್ಥ ಟ್ರಾಟ್ಸ್ಕಿ. ಕಥೆಯಲ್ಲಿಯೂ ಸೇಬಿನ ವಿಷಯದಲ್ಲಿ ಎಲ್ಲ ಹಂದಿಗಳದೂ ಒಂದೇ ಮಾತು. ಮಿಕ್ಕ ಎಲ್ಲದರಲ್ಲಿಯೂ ಕಚ್ಚಾಡುವ ಸ್ನೋಬಾಲನೂ ನೆಪೋಲಿಯನ್ನನೂ ಈ ಒಂದರಲ್ಲಿ ಕೂಡಿಕೊಳ್ಳುತ್ತಾರೆ. ಸ್ನೋಬಾಲನೇ ಉಳಿದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ಹಲುಬುವವರು ಈ ಸೇಬನ್ನು ನೋಡದೆ ದಾಟಿದವರು. ಕಾಲಕ್ರಮ ಮಾತ್ರ ಬಗ್ಗಿದೆ. ಚರಿತ್ರೆಯಲ್ಲಿ ಕ್ರೋನ್‌ಸ್ಟಾಟ್ ಬಂದದ್ದು ಹೊರನಾಡಿನ ಸೈನ್ಯಗಳೂ ಕೂಡಿಕೊಂಡಿದ್ದ ಅಂತರ್ಯುದ್ಧದ ಕೊನೆಗೆ. ಕಥೆಯಲ್ಲಿ ಹಾಲು ಕಾಣೆಯಾಗುವುದು ಜೋನ್ಸ್ ಮರಳಿ ದಂಡೆತ್ತಿ ಬರುವುದಕ್ಕಿಂತ ಮೊದಲೇ. ಕೇಡಿನ ಬೇರು ಮೊದಲ ದಿನದಲ್ಲೇ ಇತ್ತೆಂದು ತೋರಿಸುವುದಕ್ಕಾಗಿ ತಾರೀಖನ್ನು ಹಿಂದಕ್ಕೆ ಸರಿಸಿದ್ದಾನೆ. ಕಥೆಗಾರನಿಗೆ ಇಷ್ಟು ಸಲಿಗೆ ಕೊಡಬಹುದೆಂದು ನನಗೆ ತೋರುತ್ತದೆ.

ಟ್ರಾಟ್ಸ್ಕಿಯನ್ನು ೧೯೨೭ರಲ್ಲಿ ಪಕ್ಷದಿಂದ, ೧೯೨೯ರಲ್ಲಿ ದೇಶದಿಂದ ಹೊರಹಾಕಿದ್ದು, ಆತನ ಕೈಗಾರಿಕಾ ಹಟವನ್ನು ಹಳಿದ ಸ್ಟಾಲಿನ್ನನೇ ಆಮೇಲೆ ೧೯೨೮ರಿಂದ ಪಂಚವಾರ್ಷಿಕ ಯೋಜನೆಯೆಂದು ಅದನ್ನೇ ಕೈಗೆತ್ತಿಕೊಂಡದ್ದು, ಇವೆಲ್ಲ ಗಾಳಿಗಿರಣಿಯ ಜಗಳವಾಗಿ ಕಥೆಯಲ್ಲಿ ಬಂದಿವೆ. ಇವನ್ನು ವಿವರಿಸುತ್ತ ಹೊತ್ತು ಕಳೆಯುವುದು ಬೇಡ. ಕೋಳಿಗಳ ಬಳಿ ನಿಲ್ಲೋಣ.

ತೋಟಕ್ಕೆ ಹೊರಗಿನಿಂದ ಕಾಳು ತರಿಸಲು ಹಣ ಬೇಕು. ಅದಕ್ಕಾಗಿ ವಾರಕ್ಕೆ ನಾನೂರು ಮೊಟ್ಟೆ ಮಾರುವ ಕರಾರಿಗೆ ನೆಪೋಲಿಯನ್ ಒಪ್ಪಿರುತ್ತಾನೆ. ಕಾವಿಗೆ ಕೂರಬೇಕೆಂದಿದ್ದ ಕೋಳಿಗಳು ಇದು ಕೊಲೆಯೆಂದು ಕೂಗಿ, ಜಂತೆಗಳ ಮೇಲೆ ಹಾರಿ ಕೂತು ಅಲ್ಲಿಂದಲೇ ಮೊಟ್ಟೆಯಿಡುತ್ತವೆ. ಮೊಟ್ಟೆ ನೆಲಕ್ಕೆ ಬಿದ್ದು ಒಡೆಯುತ್ತದೆ. ಕೋಳಿಗಳಿಗೆ ಒಂದು ಕಾಳು ಹಾಕಿದವರಿಗೂ ಮರಣದಂಡನೆ ಎಂದು ನೆಪೋಲಿಯನ್ ಆಜ್ಞೆ ಮಾಡುತ್ತಾನೆ. ಐದು ದಿನ ತಡೆದು ಕೋಳಿಗಳು ಸೋಲುತ್ತವೆ. ಅಷ್ಟರಲ್ಲಿ ಒಂಬತ್ತು ಸತ್ತಿರುತ್ತವೆ. ರೋಗ ಬಂದು ಸತ್ತವೆಂದು ಸಾರಲಾಗುತ್ತದೆ. ಇಷ್ಟೇ ಪ್ರಸಂಗ, ಒಂದು ಪುಟವೂ ಇಲ್ಲ.

ಇದರ ಹಿಂದಿನ ಚರಿತ್ರೆ ನೋಡಿ. ೧೯೨೯ರ ಕೊನೆಯಿಂದ ರಷ್ಯದ ರೈತರ ಹೊಲ, ದನ, ನೇಗಿಲುಗಳನ್ನು ಸಾಮೂಹಿಕ ಬೇಸಾಯಕ್ಕೆ ಸೇರಿಸಿಕೊಳ್ಳಲಾಯಿತು. ಒಪ್ಪದವರ ಮೇಲೆ ಬಲಪ್ರಯೋಗವಾಯಿತು. ಸರ್ಕಾರಕ್ಕೆ ಒಪ್ಪಿಸುವುದಕ್ಕಿಂತ ಕೊಂದು ತಿನ್ನುವುದೇ ಲೇಸೆಂದು ರೈತರು ತಮ್ಮ ದನಗಳನ್ನೂ ಹಂದಿಗಳನ್ನೂ ಕೋಟಿಗಟ್ಟಲೆ ಕಡಿದರು. ಜಂತೆಯಿಂದ ಬಿದ್ದು ಒಡೆಯುವ ಮೊಟ್ಟೆಯ ಅರ್ಥ ಇದು. ಯಂತ್ರಗಳನ್ನು ಕೊಳ್ಳಲು ಹೊರದೇಶಕ್ಕೆ ಗೋಧಿ ಹೋಗಲೇಬೇಕಾಗಿತ್ತು. ಹಳ್ಳಿಗಳಿಂದ ಧಾನ್ಯವನ್ನು ಗುಡಿಸಿ ಒಯ್ದರು. ೧೯೩೨–೩೩ರ ಕ್ಷಾಮದಲ್ಲಿ ಉಕ್ರೇನ್ ಒಂದರಲ್ಲೇ ಸತ್ತವರು ಮೂವತ್ತೈದು ಲಕ್ಷಕ್ಕೆ ಕಡಿಮೆಯಿಲ್ಲವೆಂದು ಅನೇಕ ಇತಿಹಾಸಕಾರರ ಅಂದಾಜು. ಮೂವತ್ತೈದು ಲಕ್ಷ ಜನ ಎಲ್ಲಿ, ಒಂಬತ್ತು ಕೋಳಿ ಎಲ್ಲಿ! ಸಾಂಕೇತಿಕ ಕಥೆಯ ದೊಡ್ಡ ಅಪಾಯ ಇಲ್ಲಿದೆ. ಅದು ಚರಿತ್ರೆಯನ್ನು ಅಂಗೈಯಗಲಕ್ಕೆ ಕುಗ್ಗಿಸುತ್ತದೆ; ಸಾವು ಚಿಕ್ಕದಾಗುತ್ತದೆ, ಓದುಗ ಮುಗುಳ್ನಗುತ್ತ ಪುಟ ತಿರುಗಿಸಿಬಿಡಬಹುದು.

ಕುಗ್ಗಿಸಿದ ಮೇಲೂ ಆರ್ವೆಲ್ ಒಂದನ್ನು ಮಾತ್ರ ಬಿಟ್ಟುಕೊಡಲಿಲ್ಲ: ಸಾವು ನಡೆದ ಬಗೆಯ ಜೊತೆಗೆ ಅದನ್ನು ಮುಚ್ಚಿಟ್ಟ ಬಗೆ. ತೋಟದಲ್ಲಿ ಬರ ಬಿದ್ದಾಗ ಕಣಜದ ಡಬ್ಬಗಳಿಗೆ ಬಾಯಿಯ ತನಕ ಮರಳು ತುಂಬಿ ಮೇಲೊಂದು ಪದರ ಕಾಳು ಹರಡಿ, ಹೊರಗಿನಿಂದ ಬರುವ ದಲ್ಲಾಳಿಗೆ ಯಾವುದೋ ನೆಪದಲ್ಲಿ ಕಾಣುವ ಹಾಗೆ ಮಾಡುತ್ತಾರೆ. ಅವನು ಹೋಗಿ ಅಲ್ಲಿ ಬರವಿಲ್ಲವೆಂದು ಊರಿಗೆಲ್ಲ ಹೇಳುತ್ತಾನೆ. ೧೯೩೩ರಲ್ಲಿ ಹಾಗೆ ಹೇಳಿದವರಿದ್ದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾಸ್ಕೋ ಬಾತ್ಮೀದಾರ ವಾಲ್ಟರ್ ಡ್ಯುರಾಂಟಿ ಕ್ಷಾಮವಿಲ್ಲವೆಂದು ಬರೆದ. ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿ ಬಂದು ಇದೆಯೆಂದು ಬರೆದ ಗ್ಯಾರೆತ್ ಜೋನ್ಸ್ ಎಂಬ ತರುಣನ ಮಾತು ಆಗ ನಿಲ್ಲಲಿಲ್ಲ. ಮರಳಿನ ಮೇಲಿನ ಆ ಒಂದು ಪದರ ಕಾಳು ಸಂಖ್ಯೆಗಳು ಹೇಳಲಾಗದ್ದನ್ನು ಹೇಳುತ್ತದೆ.

ಕೋಳಿಗಳು ಸೋತ ಮೇಲೆ ತಪ್ಪೊಪ್ಪಿಗೆಯ ಸಭೆ. ಸ್ನೋಬಾಲನೊಡನೆ ಒಳಸಂಚು ಮಾಡಿದೆವೆಂದು ತಾವಾಗಿಯೇ ಹೇಳಿಕೊಂಡು ಹಂದಿ, ಕೋಳಿ, ಕುರಿಗಳು ನಾಯಿಗಳ ಬಾಯಿಗೆ ಕತ್ತು ಕೊಡುತ್ತವೆ. ೧೯೩೬ರಿಂದ ೧೯೩೮ರವರೆಗೆ ಮಾಸ್ಕೋವಿನಲ್ಲಿ ನಡೆದ ಮೂರು ದೊಡ್ಡ ವಿಚಾರಣೆಗಳಲ್ಲಿ ಝಿನೋವೀವ್, ಕಾಮೆನೇವ್, ಬುಖಾರಿನ್ ಮೊದಲಾದ ಹಳೆಯ ಮುಖಂಡರು, ಮಾಡದ ಅಪರಾಧಗಳನ್ನು ತುಂಬಿದ ನ್ಯಾಯಸ್ಥಾನದಲ್ಲಿ ಒಪ್ಪಿಕೊಂಡು ಮರಣದಂಡನೆಗೆ ಗುರಿಯಾದರು. ಅದು ಜಗತ್ತು ಕಂಡದ್ದು. ಕಾಣದೆ ಹೋದದ್ದು ಬಹು ದೊಡ್ಡದು: ೧೯೩೭–೩೮ರ ಎರಡೇ ವರ್ಷಗಳಲ್ಲಿ ಗುಂಡಿಕ್ಕಿ ಕೊಂದವರು ಸುಮಾರು ಆರು ಲಕ್ಷ ಎಂಬತ್ತು ಸಾವಿರ ಎಂದು ಆ ಸರ್ಕಾರದ ಕಡತಗಳೇ ಹೇಳುತ್ತವೆ. ಸೋವಿಯತ್ ಒಕ್ಕೂಟ ೧೯೯೧ರಲ್ಲಿ ಕರಗಿದ ಮೇಲೆ ಆ ಕಡತಗಳು ವಿದ್ವಾಂಸರ ಕೈಗೆ ಬಂದವು. ಆರ್ವೆಲ್ಲನಿಗೆ ಈ ಅಂಕಿ ತಿಳಿದಿರಲಿಲ್ಲ. ಕಥೆ ಉತ್ಪ್ರೇಕ್ಷೆಯೆಂದು ಅಂದು ಮೂಗು ಮುರಿದವರಿದ್ದರು. ಕಡತ ತೆರೆದ ಮೇಲೆ ನೋಡಿದರೆ ಆತ ಕಡಿಮೆಯೇ ಹೇಳಿದ್ದ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಅದು ಒಂದು ಪದದ ವಿಷಯ.

ನೆಪೋಲಿಯನ್ ನೆರೆಯ ಫ್ರೆಡರಿಕ್ಕನಿಗೆ ಮರ ಮಾರುತ್ತಾನೆ. ಕೊಟ್ಟ ನೋಟುಗಳು ಖೋಟಾ ಎಂದು ಆಮೇಲೆ ತಿಳಿಯುತ್ತದೆ. ೧೯೩೯ರ ಆಗಸ್ಟ್ ೨೩ರ ಹಿಟ್ಲರ್–ಸ್ಟಾಲಿನ್ ಒಪ್ಪಂದವೂ ಹಾಗೆಯೇ ಖೋಟಾ ಆಯಿತು. ಬೆನ್ನಿಗೇ ಫ್ರೆಡರಿಕ್ಕನ ಜನ ಬಂದೂಕು ಹಿಡಿದು ತೋಟದ ಮೇಲೆ ಬಿದ್ದು ಗಾಳಿಗಿರಣಿಗೆ ಮದ್ದಿಟ್ಟು ಹಾರಿಸುತ್ತಾರೆ. ೧೯೪೧ರ ಜೂನ್ ೨೨ರಂದು ಮೊದಲಾದ ಜರ್ಮನ್ ದಾಳಿ ಇದು. ಗಿರಣಿ ಹಾರಿದಾಗ ನೆಪೋಲಿಯನ್ನನೂ ಸೇರಿದಂತೆ ಎಲ್ಲ ಪ್ರಾಣಿಗಳೂ ನೆಲಕ್ಕೆ ಬಿದ್ದು ಮುಖ ಮುಚ್ಚಿಕೊಂಡವು ಎಂದು ಆರ್ವೆಲ್ ಬರೆದಿದ್ದ. ಪುಸ್ತಕ ಅಚ್ಚಿಗೆ ಹೋಯಿತು. ೧೯೪೫ರ ಮಾರ್ಚಿನಲ್ಲಿ ಆತ ಯುದ್ಧಬಾತ್ಮೀದಾರನಾಗಿ ಪ್ಯಾರಿಸಿನಲ್ಲಿದ್ದ. ಅಲ್ಲಿಂದ ಪ್ರಕಾಶಕರಿಗೆ ಒಂದು ಕಾಗದ ಬರೆದ: ಕರಡಚ್ಚಿನ ಆ ವಾಕ್ಯದಲ್ಲಿ ‘ನೆಪೋಲಿಯನ್ನನೂ ಸೇರಿದಂತೆ’ ಎಂಬುದನ್ನು ತೆಗೆದು ‘ನೆಪೋಲಿಯನ್ನನ ಹೊರತು’ ಎಂದು ಮಾಡಬೇಕು, ಜರ್ಮನರು ಮುನ್ನುಗ್ಗಿ ಬಂದಾಗ ಸ್ಟಾಲಿನ್ ಮಾಸ್ಕೋ ಬಿಡದೆ ನಿಂತದ್ದು ನಿಜ, ಆತನಿಗೆ ಅನ್ಯಾಯವಾಗಬಾರದು ಎಂಬುದು ಕಾಗದದ ತಾತ್ಪರ್ಯ.

ಸಂಗತಿ ನಿಜವೇ. ೧೯೪೧ರ ಅಕ್ಟೋಬರಿನಲ್ಲಿ ಜರ್ಮನ್ ಸೈನ್ಯ ಮಾಸ್ಕೋವನ್ನು ಸಮೀಪಿಸಿದಾಗ ಸರ್ಕಾರದ ಕಚೇರಿಗಳೂ ಹೊರದೇಶದ ರಾಯಭಾರಿಗಳೂ ಕುಯ್ಬಿಷೆವ್ ಪಟ್ಟಣಕ್ಕೆ ಹೊರಟರು; ೧೬ರಂದು ಊರಿನಲ್ಲಿ ದಿಗಿಲೆದ್ದು ಜನ ರೈಲು ನಿಲ್ದಾಣಗಳಿಗೆ ನುಗ್ಗಿದರು. ಸ್ಟಾಲಿನ್ ಹೋಗಲಿಲ್ಲ. ನವೆಂಬರ್ ೭ರಂದು ಕೆಂಪು ಚೌಕದಲ್ಲಿ ಕ್ರಾಂತಿಯ ವಾರ್ಷಿಕೋತ್ಸವದ ಕವಾಯತು ನಡೆಯಿತು. ಸೈನಿಕರು ಅಲ್ಲಿಂದ ನೇರವಾಗಿ ರಣರಂಗಕ್ಕೆ ನಡೆದರು.

ಈ ತಿದ್ದುಪಡಿಯನ್ನು ಮಾಡಿದವನು ಯಾರೆಂದು ನೀವು ಒಂದು ಕ್ಷಣ ಯೋಚಿಸಬೇಕು. ಸ್ಪೇನಿನಲ್ಲಿ ಸ್ಟಾಲಿನ್ನನ ಜನ ಬೆನ್ನಟ್ಟಿದ ಮನುಷ್ಯ. ಆತನ ಸಂಗಾತಿಗಳಲ್ಲಿ ಕೆಲವರು ಸೆರೆಮನೆಯಲ್ಲೇ ಸತ್ತರು. ಪ್ಯಾರಿಸಿನಲ್ಲಿ ಆತನನ್ನು ಕಂಡ ಪೋಲೆಂಡಿನ ಚಿತ್ರಕಾರ ಜೋಸೆಫ್ ಚಾಪ್ಸ್ಕಿಯ ಮಾತು ಇದಕ್ಕೆ ಕಾರಣವಾಗಿರಬೇಕೆಂದು ವಿದ್ವಾಂಸರ ಊಹೆ. ಚಾಪ್ಸ್ಕಿ ಸೋವಿಯತ್ ಸೆರೆಶಿಬಿರದಲ್ಲಿದ್ದು ಬದುಕಿ ಬಂದ ಸೈನ್ಯಾಧಿಕಾರಿ. ಆತನಂತೆಯೇ ಸೆರೆಸಿಕ್ಕ ಸಾವಿರಾರು ಪೋಲಿಷ್ ಅಧಿಕಾರ ವರ್ಗದವರನ್ನು ೧೯೪೦ರಲ್ಲಿ ಕಾಟಿನ್ ಮೊದಲಾದ ಕಡೆ ಸ್ಟಾಲಿನ್ನನ ಪೊಲೀಸರು ಕೊಂದು ಹೂಳಿದ್ದರು. ಆ ಚಾಪ್ಸ್ಕಿಯೇ, ರಷ್ಯವನ್ನು ಅಂದು ಉಳಿಸಿದ್ದು ಸ್ಟಾಲಿನ್ನನ ಎದೆಗಾರಿಕೆ ಎಂದು ಹೇಳಿದನಂತೆ. ಇಬ್ಬರಿಗೂ ಆ ಮನುಷ್ಯನನ್ನು ದ್ವೇಷಿಸಲು ಬೇಕಾದಷ್ಟು ಕಾರಣವಿತ್ತು. ಹಂದಿಯಾಗಿ ಚಿತ್ರಿಸಿ, ಕಳ್ಳ, ಕೊಲೆಗಾರ, ಸುಳ್ಳ ಎಂದು ತೋರಿಸಿದ ಮೇಲೆ ಹೇಡಿ ಎಂಬ ಒಂದು ಪದ ಸೇರಿದರೆ ಯಾರೂ ಕೇಳುತ್ತಿರಲಿಲ್ಲ. ಅದು ನಡೆಯಲಿಲ್ಲವಾದುದರಿಂದ ಆರ್ವೆಲ್ ಅದನ್ನು ಸೇರಿಸಲಿಲ್ಲ. ಚರಿತ್ರೆಗೆ ಕಥೆಗಾರ ಎಷ್ಟು ಹೊಣೆಯೆಂದು ಮೊದಲು ಕೇಳಿದೆನಲ್ಲ, ಆತ ತನಗೆ ತಾನೇ ಹೊರಿಸಿಕೊಂಡ ಹೊಣೆಯ ಅಳತೆ ಇದು. ಗೋಡೆಯ ಮೇಲಿನ ಕಟ್ಟಳೆಗೆ ರಾತ್ರಿ ಒಂದು ಪದ ಸೇರಿಸಿ ಅರ್ಥವನ್ನೇ ತಿರುಗಿಸುವ ಹಂದಿಗಳ ಕಥೆಯನ್ನು ಬರೆದವನಿಗೆ ಒಂದು ಪದದ ತೂಕ ಗೊತ್ತಿದ್ದದ್ದು ಆಶ್ಚರ್ಯವಲ್ಲ.

ಪುಸ್ತಕ ಹೊರಬರುವುದೇ ಕಷ್ಟವಾಯಿತು. ೧೯೪೪ರಲ್ಲಿ ರಷ್ಯ ಇಂಗ್ಲೆಂಡಿನ ಮಿತ್ರರಾಷ್ಟ್ರ. ಹಿಟ್ಲರನ ಸೈನ್ಯದ ಬೆನ್ನು ಮುರಿಯುತ್ತಿದ್ದುದು ರಷ್ಯದ ಸೈನಿಕರೇ. ಆ ಹೊತ್ತಿನಲ್ಲಿ ಸ್ಟಾಲಿನ್ನನನ್ನು ಹಂದಿಯೆನ್ನುವ ಪುಸ್ತಕವನ್ನು ಅಚ್ಚು ಮಾಡುವವರು ಯಾರು? ಗೊಲಾಂಕ್ಸ್ ಒಲ್ಲೆನೆಂದ. ಜೊನಾಥನ್ ಕೇಪ್ ಮೊದಲು ಒಪ್ಪಿ, ವಾರ್ತಾ ಸಚಿವಾಲಯದ ಅಧಿಕಾರಿಯೊಬ್ಬನನ್ನು ಕೇಳಿ ಹಿಂದೆಗೆದ. ಹಂದಿಗಳ ಬದಲು ಬೇರೆ ಪ್ರಾಣಿಯಾಗಿದ್ದರೆ ಇಷ್ಟು ನೋವಾಗದೆಂದೂ ಬರೆದ. ಆ ಅಧಿಕಾರಿ ಪೀಟರ್ ಸ್ಮೋಲೆಟ್ ಎಂಬವನೆಂದೂ ಆತ ಸೋವಿಯತ್ ಗೂಢಚಾರನಾಗಿದ್ದನೆಂದೂ ಬಹುಕಾಲದ ಮೇಲೆ ಸಂಶೋಧಕರು ಗುರುತಿಸಿದರು. ಇನ್ನು ಎಲಿಯಟ್. ಧ್ವನಿವರ್ಧಕದ ಮುಂದೆ ಜೊತೆಗಿದ್ದ ಆ ಕವಿ ಫೇಬರ್ ಸಂಸ್ಥೆಯ ಪರವಾಗಿ ಹಸ್ತಪ್ರತಿಯನ್ನು ಓದಿ, ಬರವಣಿಗೆಯನ್ನು ಮೆಚ್ಚಿ, ಪುಸ್ತಕವನ್ನು ಹಿಂತಿರುಗಿಸಿದ. ಹಂದಿಗಳೇ ಎಲ್ಲರಿಗಿಂತ ಬುದ್ಧಿವಂತರಾದ ಮೇಲೆ ತೋಟವನ್ನು ಆಳಲು ಅವೇ ತಕ್ಕವು, ಬೇಕಾಗಿದ್ದುದು ಇನ್ನಷ್ಟು ಲೋಕಹಿತಬುದ್ಧಿಯ ಹಂದಿಗಳು ಎಂಬುದು ಆತನ ವಾದ. ಮಹಾಕವಿಯೂ ಕೆಲವೊಮ್ಮೆ ಸೇಬನ್ನು ನೋಡದೆ ದಾಟಿಬಿಡುತ್ತಾನೆ. ಕೊನೆಗೆ ಸೆಕರ್ ಅಂಡ್ ವಾರ್‌ಬರ್ಗ್ ಎಂಬ ಚಿಕ್ಕ ಸಂಸ್ಥೆ ಒಪ್ಪಿತು. ಯುದ್ಧಕಾಲದ ಕಾಗದದ ಅಭಾವದಿಂದ ಇನ್ನೂ ಒಂದು ವರ್ಷ ತಡವಾಯಿತು. ಅಷ್ಟರಲ್ಲಿ ಯುದ್ಧ ಮುಗಿದು, ಮಿತ್ರರ ನಡುವೆ ಬಿರುಕು ಕಾಣಿಸಿಕೊಂಡಿತ್ತು.

ಆ ಬಿರುಕನ್ನು ಕಥೆ ಮೊದಲೇ ಕಂಡಿತ್ತು. ಕೊನೆಯ ಅಧ್ಯಾಯದಲ್ಲಿ ಹಂದಿಗಳೂ ಮನುಷ್ಯರೂ ಒಂದೇ ಮೇಜಿಗೆ ಕೂತು ಕುಡಿದು, ಇಸ್ಪೀಟಾಟದಲ್ಲಿ ಇಬ್ಬರೂ ಒಂದೇ ಎಲೆಯನ್ನು ಇಳಿಸಿ ಕಿತ್ತಾಡುತ್ತಾರೆ. ೧೯೪೩ರ ನವೆಂಬರ್ ಕೊನೆಯಲ್ಲಿ ಟೆಹರಾನಿನಲ್ಲಿ ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಸೇರಿ ಕೈ ಕುಲುಕಿದಾಗ ಎಲ್ಲರೂ ಸ್ನೇಹವನ್ನು ಕೊಂಡಾಡಿದರು. ಆ ಸ್ನೇಹ ಉಳಿಯುವುದೆಂದು ತನಗೆ ನಂಬಿಕೆಯಿರಲಿಲ್ಲವೆಂದು ಆರ್ವೆಲ್ ತಾನೇ ಬರೆದಿದ್ದಾನೆ.

ಬಿ.ಬಿ.ಸಿ.ಯಲ್ಲಿ ಆತನ ಸಹೋದ್ಯೋಗಿಯಾಗಿದ್ದ ವಿಮರ್ಶಕ ವಿಲಿಯಂ ಎಂಪ್ಸನ್ ಪುಸ್ತಕ ಓದಿದೊಡನೆ ಒಂದು ಎಚ್ಚರಿಕೆ ಹೇಳಿದ್ದ: ಈ ಬಗೆಯ ಕಥೆ ಲೇಖಕನ ಮನಸ್ಸಿನಲ್ಲಿದ್ದುದಕ್ಕಿಂತ ಹೆಚ್ಚಿನದನ್ನು ಹೇಳಿಬಿಡುತ್ತದೆ, ತಪ್ಪಾಗಿ ತಿಳಿಯುವವರಿಗೆ ಸಿದ್ಧನಾಗಿರು ಎಂದು. ಹಾಗೆಯೇ ಆಯಿತು. ೧೯೫೦ರ ಜನವರಿಯಲ್ಲಿ ಆರ್ವೆಲ್ ಕ್ಷಯದಿಂದ ತೀರಿಕೊಂಡ. ೧೯೫೪ರಲ್ಲಿ ಈ ಕಥೆ ವ್ಯಂಗ್ಯಚಿತ್ರಗಳ ಚಲನಚಿತ್ರವಾಗಿ ಬಂದಿತು. ಅದಕ್ಕೆ ಹಣ ಒದಗಿಸಿದ್ದು ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ. ಎಂದು ಆಮೇಲೆ ಹೊರಬಿತ್ತು. ಆ ಚಿತ್ರದ ಕೊನೆಯಲ್ಲಿ ಪ್ರಾಣಿಗಳು ಹಂದಿಗಳ ಮೇಲೆ ಮತ್ತೆ ದಂಗೆಯೇಳುತ್ತವೆ, ಮೇಜಿನ ಸುತ್ತ ಕೂತ ಮನುಷ್ಯರು ಮಾಯವಾಗಿದ್ದಾರೆ. ಹಂದಿಯೂ ಮನುಷ್ಯನೂ ಒಂದೇ ಎಂಬ ಮಾತು ಹಣ ಕೊಟ್ಟವರಿಗೆ ಹಿಡಿಸಿರಲಾರದು. ಆರ್ವೆಲ್ ಶತ್ರುವಿಗಾಗಿ ಒಂದು ಪದ ತಿದ್ದಿದ್ದರೆ, ಇವರು ತಮಗಾಗಿ ಒಂದು ಅಧ್ಯಾಯವನ್ನೇ ತಿದ್ದಿದರು.

ಬೀಗದಕೈಯ ಪಟ್ಟಿ ಬೇಕಿಲ್ಲದ ಓದುಗರೂ ಈ ಪುಸ್ತಕಕ್ಕೆ ಸಿಕ್ಕಿದರು. ಯುದ್ಧ ಮುಗಿದಾಗ ಜರ್ಮನಿಯ ನಿರಾಶ್ರಿತ ಶಿಬಿರಗಳಲ್ಲಿ ಲಕ್ಷಾಂತರ ಉಕ್ರೇನಿಯನ್ನರು ಉಳಿದಿದ್ದರು. ಅವರಲ್ಲಿ ಅನೇಕರು ಹೊಲದ ಮಕ್ಕಳು, ೧೯೩೩ರ ಹಸಿವನ್ನು ಮೈಮೇಲೆ ಹೊತ್ತವರೂ ಇದ್ದರು. ಇಗೊರ್ ಶೆವ್ಚೆಂಕೊ ಎಂಬ ಇಪ್ಪತ್ತನಾಲ್ಕರ ತರುಣ ಅವರಲ್ಲಿ ಕೆಲವರಿಗೆ ಇಂಗ್ಲಿಷ್ ಪುಸ್ತಕವನ್ನು ಹಿಡಿದು ಆಗಿಂದಾಗ್ಗೆ ತಮ್ಮ ಭಾಷೆಗೆ ತಿರುಗಿಸುತ್ತ ಓದಿ ಹೇಳಿದ. ಅವರು ಒಂದೊಂದು ಪ್ರಸಂಗವನ್ನೂ ಗುರುತು ಹಿಡಿದರು. ಆತ ೧೯೪೬ರಲ್ಲಿ ಆರ್ವೆಲ್ಲನಿಗೆ ಕಾಗದ ಬರೆದು ಅನುವಾದಕ್ಕೆ ಅನುಮತಿ ಕೇಳಿದ. ಆರ್ವೆಲ್ ಸಂಭಾವನೆ ಬೇಡವೆಂದು, ಕೇಳಿಕೊಂಡದ್ದಕ್ಕೆ ಒಂದು ಮುನ್ನುಡಿಯನ್ನೂ ಬರೆದುಕೊಟ್ಟ. ಹುಡುಗ ಮತ್ತು ಗಾಡಿಯ ಕುದುರೆಯ ಮಾತು ಬರುವುದು ಆ ಮುನ್ನುಡಿಯಲ್ಲೇ. ಅನುವಾದದ ಹೆಸರು ‘ಕೊಲ್ಹೋಸ್ಪ್ ತ್ವಾರಿನ್’. ಕೊಲ್ಹೋಸ್ಪ್ ಎಂದರೆ ಉಕ್ರೇನಿಯನ್ನರ ಮಾತಿನಲ್ಲಿ ಸಾಮೂಹಿಕ ಬೇಸಾಯದ ತೋಟ. ಕಥೆಗೆ ಅದರ ವಿಳಾಸ ಮರಳಿ ಸಿಕ್ಕಿತು.

೧೯೪೭ರಲ್ಲಿ ಪುಸ್ತಕ ಅಚ್ಚಾಯಿತು. ಮ್ಯೂನಿಕ್ಕಿನ ಅಮೆರಿಕನ್ ಸೈನಿಕ ಅಧಿಕಾರಿಗಳು ಅದರ ಸಾವಿರದ ಐನೂರು ಪ್ರತಿಗಳನ್ನು ಹಿಡಿದು, ನಿರಾಶ್ರಿತರನ್ನು ಊರಿಗೆ ಮರಳಿಸಲು ಬಂದಿದ್ದ ಸೋವಿಯತ್ ಅಧಿಕಾರಿಗಳ ಕೈಗೆ ಒಪ್ಪಿಸಿದರು. ಅದಕ್ಕೂ ಮೊದಲೇ ಸುಮಾರು ಎರಡು ಸಾವಿರ ಪ್ರತಿಗಳು ಶಿಬಿರಗಳ ಒಳಕ್ಕೆ ಹಂಚಿಹೋಗಿದ್ದವು.